ಮ್ಯೂನಿಕ್‌ನಲ್ಲಿ ಬಾಡಿಗೆ ಮನೆ ಹಿಡಿಯುವುದು, ರೈಲು ಹತ್ತುವುದು: ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ಮ್ಯೂನಿಕ್‌ನಲ್ಲಿ ನಾನು ಮೊದಲು ನೋಡಲು ಹೋದ ಮನೆ ನಾಲ್ಕನೇ ಮಹಡಿಯಲ್ಲಿತ್ತು. ಜನರ ಸಾಲು ಎರಡನೇ ಮಹಡಿಯಿಂದಲೇ ಶುರುವಾಗಿತ್ತು. ಎಲ್ಲರ ಕೈಯಲ್ಲೂ ಒಂದೊಂದು ಫೈಲು. ನನ್ನ ಕೈಯಲ್ಲಿ ಛತ್ರಿ ಮಾತ್ರ. ಮನೆ ಹಿಡಿಸಿದರೆ ಓನರ್ ಹತ್ತಿರ ಮಾತಾಡಿ, ಟೋಕನ್ ಅಡ್ವಾನ್ಸ್ ಕೊಟ್ಟು ಬಂದರಾಯಿತು ಅಂದುಕೊಂಡು ಹೋಗಿದ್ದೆ. ಬೆಂಗಳೂರಲ್ಲಿ ಹಾಗೇ ಅಲ್ವಾ ನಡೆಯೋದು? ಇಲ್ಲಿ ಮನೆಯನ್ನು ನಾವು ಆರಿಸುವುದಕ್ಕಿಂತ ಜಾಸ್ತಿ, ಓನರ್ ನಮ್ಮನ್ನು ಆರಿಸುತ್ತಾರೆ.

ಜರ್ಮನಿಯ ದೊಡ್ಡ ಊರುಗಳಲ್ಲಿ ಬಾಡಿಗೆ ಅತಿ ಜಾಸ್ತಿ ಇರುವುದು ಮ್ಯೂನಿಕ್‌ನಲ್ಲೇ. ಹಾಗಾಗಿ ಇಲ್ಲಿಗೆ ಬರುವ ನಮ್ಮವರೆಲ್ಲ ಮೊದಲು ಬಾಡಿಗೆಯ ಅಂಕಿ ನೋಡುತ್ತಾರೆ, ಆಮೇಲೆ ಏರಿಯಾ, ಕೊನೆಗೆ ರೈಲು. ನಾನು ಹೇಳುವುದು ಉಲ್ಟಾ. ಮೊದಲು ರೈಲಿನ ನಕ್ಷೆ ನೋಡಿ. ಮನೆಯಿಂದ ಸ್ಟೇಷನ್‌ಗೆ ಎಷ್ಟು ದೂರ, ಅಲ್ಲಿ ಎಷ್ಟು ನಿಮಿಷಕ್ಕೊಂದು ರೈಲು ಬರುತ್ತದೆ, ಆ ರೈಲು ಕೆಟ್ಟರೆ ಬೇರೆ ದಾರಿ ಇದೆಯಾ? ಈ ಮೂರು ಗೊತ್ತಾದ ಮೇಲೆ ಬಾಡಿಗೆ ದುಬಾರಿಯೋ ಅಗ್ಗವೋ ಅಂತ ತೀರ್ಮಾನಿಸಬಹುದು.

ಊರಲ್ಲಿದ್ದಾಗಲೇ ಫೈಲು ಕಟ್ಟಿಕೊಳ್ಳಿ

ಮನೆ ನೋಡಲು ಹೋಗುವಾಗ ಬೇಕಾದ ಕಾಗದಗಳು ಇಷ್ಟು: ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿ, ಕೆಲಸದ ಕರಾರುಪತ್ರ, ಹಿಂದಿನ ಮೂರು ತಿಂಗಳ ಸಂಬಳದ ಚೀಟಿ, ಮತ್ತು ನಿಮ್ಮ ಬಗ್ಗೆ ಒಂದು ಪುಟದ ವಿವರ. ಆ ಒಂದು ಪುಟಕ್ಕೆ ಇಲ್ಲಿ ‘ಝೆಲ್ಬ್‌ಸ್ಟ್‌ಆವ್ಸ್‌ಕುನ್‌ಫ್ಟ್’ ಅನ್ನುತ್ತಾರೆ. ಹೆಸರು, ಕೆಲಸ, ಸಂಬಳ, ಎಷ್ಟು ಜನ ಇರುತ್ತೀರಿ, ಸಾಕುಪ್ರಾಣಿ ಇದೆಯಾ, ಸಿಗರೇಟು ಸೇದುತ್ತೀರಾ, ಇಷ್ಟೇ ಅದರಲ್ಲಿ ಇರೋದು. ಫಾರಂ ಅಂತರ್ಜಾಲದಲ್ಲಿ ಸಿಗುತ್ತದೆ. ಎಲ್ಲವನ್ನೂ ಸೇರಿಸಿ ಒಂದೇ ಪಿಡಿಎಫ್ ಮಾಡಿಡಿ.

ಇನ್ನೊಂದು ಕಾಗದ ಶೂಫಾ. ನಮ್ಮ ಸಿಬಿಲ್ ಸ್ಕೋರ್ ಇದ್ದ ಹಾಗೆ. ಹೊಸದಾಗಿ ಬಂದವರಿಗೆ ಅದು ಇರುವುದೇ ಇಲ್ಲ. ಇಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆ ನಿಧಾನವಾಗಿ ಹುಟ್ಟಿಕೊಳ್ಳುತ್ತದೆ. ಅಲ್ಲಿಯವರೆಗೆ ಕಂಪನಿಯಿಂದ ಒಂದು ಪತ್ರ ತನ್ನಿ: ಇವರು ನಮ್ಮಲ್ಲಿ ಕೆಲಸಕ್ಕೆ ಸೇರುತ್ತಿದ್ದಾರೆ, ವರ್ಷಕ್ಕೆ ಇಷ್ಟು ಸಂಬಳ, ಕೆಲಸಕ್ಕೆ ಕಾಲಮಿತಿ ಇಲ್ಲ ಅಂತ. ಆ ಕೊನೆಯ ಮಾತಿಗೆ ಓನರ್‌ಗಳು ತುಂಬಾ ಬೆಲೆ ಕೊಡುತ್ತಾರೆ. ಹಿಂದಿದ್ದ ಮನೆಯ ಓನರ್ ಬರೆದುಕೊಟ್ಟ ಎರಡು ಸಾಲಿನ ಪತ್ರ ಇದ್ದರೆ ಅದನ್ನೂ ಸೇರಿಸಿ. ನನ್ನದು ರಾಜಾಜಿನಗರದ ಓನರ್ ಆಂಟಿ ಬರೆದುಕೊಟ್ಟದ್ದು. ‘ಬಾಡಿಗೆ ಯಾವತ್ತೂ 5ನೇ ತಾರೀಕು ದಾಟಿಲ್ಲ’ ಅನ್ನೋ ಒಂದು ಸಾಲು ಇತ್ತು. ಅದನ್ನು ಇಂಗ್ಲಿಷಿಗೆ ಮಾಡಿಸಿ ಇಟ್ಟುಕೊಂಡಿದ್ದೆ.

ಮೊದಲ ಎರಡು ತಿಂಗಳಿಗೆ ತಾತ್ಕಾಲಿಕ ಮನೆ

ಊರಲ್ಲಿ ಕೂತು ಮ್ಯೂನಿಕ್‌ನಲ್ಲಿ ಕಾಯಂ ಮನೆ ಹಿಡಿಯಲು ಹೋಗಬೇಡಿ. ಕಂಪನಿ ಕೊಡುವ ಅಪಾರ್ಟ್‌ಮೆಂಟ್ ಇದ್ದರೆ ಸರಿ. ಇಲ್ಲದಿದ್ದರೆ ಒಂದೆರಡು ತಿಂಗಳಿಗೆ ಸಿಗುವ ಫರ್ನಿಶ್ಡ್ ರೂಮು ನೋಡಿ. ರಜೆಗೋ ಬೇರೆ ಊರಿನ ಕೆಲಸಕ್ಕೋ ಹೋಗುವವರು ತಮ್ಮ ಮನೆಯನ್ನು ಸ್ವಲ್ಪ ಕಾಲಕ್ಕೆ ಬಾಡಿಗೆಗೆ ಬಿಡುತ್ತಾರೆ. ಅದರ ಹೆಸರು ‘ತ್ಸ್ವಿಶನ್‌ಮೀಟೆ’. ‘ವೇಗೇ’ ಅಂದರೆ ನಾಲ್ಕೈದು ಜನ ಒಂದೇ ಮನೆಯಲ್ಲಿ ಒಂದೊಂದು ರೂಮು ಹಿಡಿದು, ಅಡುಗೆಮನೆ ಬಚ್ಚಲು ಹಂಚಿಕೊಂಡು ಇರುವುದು. ವೇಗೇ-ಗೆಝೂಕ್ಟ್ ತಾಣದಲ್ಲಿ ಎರಡೂ ಸಿಗುತ್ತವೆ.

ಬುಕ್ ಮಾಡುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ: ಈ ವಿಳಾಸದಲ್ಲಿ ಆನ್‌ಮೆಲ್ಡುಂಗ್ ಆಗುತ್ತಾ? ಅಂದರೆ ವಿಳಾಸ ನೋಂದಣಿ. ಆಗಲ್ಲ ಅಂದರೆ ಎಷ್ಟೇ ಚೆನ್ನಾಗಿದ್ದರೂ ಬಿಟ್ಟುಬಿಡಿ. ಕಾರಣ ಮುಂದೆ ಬರುತ್ತದೆ. ಸೆಪ್ಟೆಂಬರ್ ಕೊನೆಯಲ್ಲಿ ಬಂದಿಳಿಯುವ ಯೋಚನೆ ಇದ್ದರೆ ಸ್ವಲ್ಪ ಹಿಂದೆ ಮುಂದೆ ಮಾಡಿ. ಅದು ಅಕ್ಟೋಬರ್‌ಫೆಸ್ಟ್ ಸಮಯ. ಹೆಸರಲ್ಲಿ ಅಕ್ಟೋಬರ್ ಇದ್ದರೂ ಶುರುವಾಗುವುದು ಸೆಪ್ಟೆಂಬರ್‌ನಲ್ಲೇ. ಆಗ ಸಾಮಾನ್ಯ ಲಾಡ್ಜಿನ ರೂಮಿನ ಬೆಲೆಯೂ ಆಕಾಶಕ್ಕೆ ಏರಿರುತ್ತದೆ.

ನಕ್ಷೆ ಮುಂದಿಟ್ಟುಕೊಂಡು ಏರಿಯಾ ಆರಿಸಿ

ಈ ಊರಲ್ಲಿ ಉ-ಬಾನ್, ಎಸ್-ಬಾನ್, ಟ್ರಾಮ್, ಬಸ್ಸು ನಾಲ್ಕೂ ಇವೆ. ಟಿಕೆಟ್ ಒಂದೇ. ಉ-ಬಾನ್ ನಮ್ಮ ಮೆಟ್ರೋ ಇದ್ದಂತೆ, ಊರೊಳಗೆ ಓಡುತ್ತದೆ. 1971ರಲ್ಲಿ ಶುರುವಾದದ್ದು. ಹಗಲಿನಲ್ಲಿ 5 ಅಥವಾ 10 ನಿಮಿಷಕ್ಕೊಂದು ರೈಲು. ಎಸ್-ಬಾನ್ ಊರಾಚೆಯ ಪುಟ್ಟ ಪಟ್ಟಣಗಳನ್ನು ನಗರಕ್ಕೆ ಜೋಡಿಸುವ ಲೋಕಲ್ ರೈಲು. ಒಂದೊಂದು ಲೈನ್‌ನಲ್ಲಿ ಹೆಚ್ಚಾಗಿ 20 ನಿಮಿಷಕ್ಕೊಂದು.

ಈ 20 ನಿಮಿಷವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಜನವರಿಯಲ್ಲಿ, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಕಣ್ಣೆದುರೇ ರೈಲು ಹೋದರೆ ಬಯಲು ಪ್ಲಾಟ್‌ಫಾರಂನಲ್ಲಿ 20 ನಿಮಿಷ ನಿಲ್ಲಬೇಕು. ಆಗ ಗೊತ್ತಾಗುತ್ತದೆ ತಿಂಗಳಿಗೆ ನೂರು ಯೂರೋ ಉಳಿಸಿದ್ದು ಎಷ್ಟು ಲಾಭ ಅಂತ.

ಎಸ್-ಬಾನ್‌ಗೆ ಇನ್ನೊಂದು ತೊಡಕಿದೆ. ಬಹುತೇಕ ಎಲ್ಲ ಲೈನ್‌ಗಳೂ ಊರಿನ ನಡುವೆ ಒಂದೇ ಸುರಂಗದಲ್ಲಿ ಹಾದುಹೋಗುತ್ತವೆ. 1972ರ ಒಲಿಂಪಿಕ್ಸ್ ಹೊತ್ತಿಗೆ ತೆರೆದ ದಾರಿ ಅದು, ಹೆಸರು ‘ಶ್ಟಾಮ್‌ಶ್ಟ್ರೆಕೆ’. ಮುಖ್ಯ ರೈಲು ನಿಲ್ದಾಣ, ಮರಿಯೆನ್‌ಪ್ಲಾಟ್ಸ್, ಓಸ್ಟ್‌ಬಾನ್‌ಹೋಫ್ ಎಲ್ಲ ಈ ದಾರಿಯಲ್ಲೇ ಬರುತ್ತವೆ. ಅಲ್ಲಿ ಒಂದು ಸಿಗ್ನಲ್ ಕೆಟ್ಟರೆ ಇಡೀ ಊರಿನ ಎಸ್-ಬಾನ್ ಕೆಮ್ಮಲು ಶುರುಮಾಡುತ್ತದೆ. ಎರಡನೇ ಸುರಂಗದ ಕೆಲಸ 2017ರಲ್ಲಿ ಶುರುವಾಗಿದೆ, ಮುಗಿಯಲು ಇನ್ನೂ ವರ್ಷಗಳು ಬೇಕು. ಅದಕ್ಕೇ ಎರಡು ದಾರಿ ಇರುವ ಜಾಗ ನೋಡಿ. ಮೋಸಾಖ್‌ನಲ್ಲಿ ಉ3 ಮತ್ತು ಎಸ್1 ಎರಡೂ ಇವೆ. ಪಾಸಿಂಗ್‌ನಲ್ಲಿ ಹಲವು ಎಸ್-ಬಾನ್ ಲೈನ್‌ಗಳ ಜೊತೆ ದೂರದ ರೈಲುಗಳೂ ನಿಲ್ಲುತ್ತವೆ. ಗಾರ್ಶಿಂಗ್ ಊರಾಚೆ ಇದ್ದರೂ ಅಲ್ಲಿಗೆ ಉ6 ಹೋಗುತ್ತದೆ, ತಾಂತ್ರಿಕ ವಿಶ್ವವಿದ್ಯಾಲಯದ ಕ್ಯಾಂಪಸ್ ಅಲ್ಲೇ ಇದೆ. ಡಾಖಾವ್, ಎರ್ಡಿಂಗ್, ಉಂಟರ್‌ಶ್ಲೈಸ್‌ಹೈಮ್ ಕಡೆ ಬಾಡಿಗೆ ಸ್ವಲ್ಪ ಇಳಿಯುತ್ತದೆ, ಆದರೆ ಹೆಚ್ಚಾಗಿ ಎಸ್-ಬಾನನ್ನೇ ನಂಬಿಕೊಂಡಿರಬೇಕು.

ಇನ್ನೂ ದೂರ ಹೋಗುವವರೂ ಇದ್ದಾರೆ. ಔಗ್ಸ್‌ಬುರ್ಗ್‌ನಿಂದ ಪ್ರಾದೇಶಿಕ ರೈಲಿನಲ್ಲಿ ಮುಕ್ಕಾಲು ಗಂಟೆ. ವಾರಕ್ಕೆ ಎರಡೇ ದಿನ ಆಫೀಸಿಗೆ ಹೋಗುವವರಾದರೆ ಇದು ಒಳ್ಳೆಯ ಲೆಕ್ಕವೇ.

ಏರಿಯಾ ಮನಸ್ಸಿಗೆ ಬಂದ ಮೇಲೆ ಒಂದು ಕೆಲಸ ಮಾಡಿ. ತಾತ್ಕಾಲಿಕ ಮನೆಯಲ್ಲಿರುವಾಗಲೇ ಸೋಮವಾರ ಬೆಳಗ್ಗೆ 8 ಗಂಟೆಗೆ ಆ ಸ್ಟೇಷನ್‌ಗೆ ಹೋಗಿ, ಅಲ್ಲಿಂದ ಆಫೀಸಿಗೆ ನಿಜವಾಗಿ ಪ್ರಯಾಣ ಮಾಡಿ ನೋಡಿ. ಆ್ಯಪ್ 32 ನಿಮಿಷ ಅನ್ನುತ್ತದೆ. ಸ್ಟೇಷನ್‌ಗೆ ನಡೆಯುವುದು, ರೈಲು ಬದಲಿಸಲು ಮೂರು ಎಸ್ಕಲೇಟರ್ ಇಳಿಯುವುದು ಎಲ್ಲ ಸೇರಿದರೆ 50 ಆಗಬಹುದು.

ಜಾಹೀರಾತು ಓದುವಾಗ

ಇಲ್ಲಿ ಟು-ಲೆಟ್ ಬೋರ್ಡ್ ಇಲ್ಲ. ಇಮ್ಮೋಸ್ಕೌಟ್, ಕ್ಲೈನ್‌ಆನ್‌ತ್ಸೈಗನ್ ತಾಣಗಳೇ ಬೋರ್ಡು. ಓದುವಾಗ ನಮ್ಮವರು ಎಡವುವುದು ಮೂರು ಕಡೆ.

ಮೊದಲನೆಯದು ರೂಮಿನ ಲೆಕ್ಕ. ಜರ್ಮನರು ಹಾಲ್ ಅನ್ನೂ ಒಂದು ರೂಮು ಅಂತಲೇ ಎಣಿಸುತ್ತಾರೆ. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ಹಾಗಾಗಿ ‘2 ತ್ಸಿಮ್ಮರ್’ ಅಂದರೆ ನಮ್ಮ 1 ಬಿಎಚ್‌ಕೆ. ನಿಮಗೆ 2 ಬಿಎಚ್‌ಕೆ ಬೇಕಿದ್ದರೆ ‘3 ತ್ಸಿಮ್ಮರ್’ ಹುಡುಕಿ.

ಎರಡನೆಯದು ಬಾಡಿಗೆಯ ಅಂಕಿ. ‘ಕಾಲ್ಟ್‌ಮೀಟೆ’ ಅಂದರೆ ತಣ್ಣನೆ ಬಾಡಿಗೆ, ಗೋಡೆ ಮಾಡಿಗೆ ಮಾತ್ರ. ಅದಕ್ಕೆ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚು ಸೇರಿದರೆ ‘ವಾರ್ಮ್‌ಮೀಟೆ’, ಬಿಸಿ ಬಾಡಿಗೆ. ನೀವು ತಿಂಗಳು ತಿಂಗಳು ಕಟ್ಟುವುದು ಬಿಸಿಯದ್ದು. ಕರೆಂಟು, ಇಂಟರ್ನೆಟ್ ಹೆಚ್ಚಾಗಿ ಅದರಲ್ಲೂ ಸೇರಿರುವುದಿಲ್ಲ. ಜೊತೆಗೆ ಹೀಟಿಂಗ್ ದುಡ್ಡು ಅಂದಾಜಿನದ್ದು. ವರ್ಷಕ್ಕೊಮ್ಮೆ ಲೆಕ್ಕ ಬರುತ್ತದೆ. ಜಾಸ್ತಿ ಉರಿಸಿದ್ದರೆ ಬಾಕಿ ಕಟ್ಟಬೇಕು, ಕಡಿಮೆ ಆಗಿದ್ದರೆ ವಾಪಸ್ ಬರುತ್ತದೆ.

ಮೂರನೆಯದು ಅಡುಗೆಮನೆ. ಇಲ್ಲಿ ಅಡುಗೆಮನೆ ಇಲ್ಲದ ಮನೆ ಅಂದರೆ ಕೋಣೆ ಇಲ್ಲ ಅಂತಲ್ಲ. ಕೋಣೆ ಇರುತ್ತದೆ, ಆದರೆ ಸಿಂಕ್ ಕೂಡ ಇರುವುದಿಲ್ಲ. ಗೋಡೆಯಿಂದ ಎರಡು ಪೈಪು, ಒಂದು ದಪ್ಪ ವೈರು ಹೊರಗೆ ಬಂದಿರುತ್ತವೆ ಅಷ್ಟೇ. ಹಿಂದಿನವರು ಒಲೆ, ಕಪಾಟು, ಸಿಂಕ್ ಎಲ್ಲ ಬಿಚ್ಚಿಕೊಂಡು ಹೋಗಿರುತ್ತಾರೆ. ಹೊಸದು ಹಾಕಿಸಲು ಸಾವಿರಾರು ಯೂರೋ ಬೇಕು. ಜಾಹೀರಾತಿನಲ್ಲಿ ‘ಐನ್‌ಬೌಕ್ಯೂಷೆ’ ಅಥವಾ ‘ಇಬಿಕೆ’ ಅಂತ ಇದ್ದರೆ ಅಡುಗೆಮನೆ ಸಿದ್ಧವಾಗಿದೆ ಅಂತ ಅರ್ಥ. ಇಲ್ಲದಿದ್ದರೆ ಹಿಂದಿನ ಬಾಡಿಗೆದಾರರ ಸಾಮಾನನ್ನೇ ಕೊಂಡುಕೊಳ್ಳಬಹುದಾ ಕೇಳಿ.

ಬ್ರೋಕರ್ ವಿಷಯ ಸುಲಭ. ಯಾರು ಕರೆಸಿದರೋ ಅವರೇ ಫೀಸು ಕೊಡಬೇಕು ಅನ್ನೋ ಕಾನೂನು 2015ರಿಂದ ಇದೆ. ಓನರ್ ಇಟ್ಟುಕೊಂಡ ಬ್ರೋಕರ್ ನಿಮ್ಮ ಹತ್ತಿರ ಕಮಿಷನ್ ಕೇಳುವಂತಿಲ್ಲ.

ಮೆಸೇಜು, ಮತ್ತೆ ಮನೆ ನೋಡುವ ದಿನ

ಒಳ್ಳೆಯ ಮನೆಗೆ ಒಂದೆರಡು ಗಂಟೆಯಲ್ಲಿ ನೂರಾರು ಮೆಸೇಜು ಬಂದುಬಿಡುತ್ತವೆ. ಓನರ್ ಎಲ್ಲ ಓದುವುದಿಲ್ಲ. ಹಾಗಾಗಿ ಅಲರ್ಟ್ ಇಟ್ಟುಕೊಳ್ಳಿ, ಜಾಹೀರಾತು ಬಂದ ಹತ್ತು ನಿಮಿಷದಲ್ಲಿ ಬರೆಯಿರಿ. ಜರ್ಮನ್‌ನಲ್ಲೇ ಬರೆಯಿರಿ, ಭಾಷೆ ಬರುವವರಿಂದ ಒಮ್ಮೆ ತಿದ್ದಿಸಿಟ್ಟುಕೊಳ್ಳಿ. ‘ಡಿಯರ್ ಸರ್, ಈಸ್ ಇಟ್ ಅವೈಲಬಲ್?’ ಅಂತ ಒಂದು ಸಾಲು ಕಳಿಸಿದರೆ ಉತ್ತರ ಬರುವುದಿಲ್ಲ. ನನ್ನ ಮೆಸೇಜಿನ ಸಾರ ಹೀಗಿತ್ತು:

‘ನಮಸ್ಕಾರ. ನಾನು ಮತ್ತು ನನ್ನ ಹೆಂಡತಿ ಮೇ 1ರಿಂದ ಮನೆ ಹುಡುಕುತ್ತಿದ್ದೇವೆ. ನಾನು ಸಾಫ್ಟ್‌ವೇರ್ ಎಂಜಿನಿಯರ್, ಕೆಲಸ ಕಾಯಂ, ಕೈಗೆ ಬರುವ ಸಂಬಳ ಇಷ್ಟು. ಸಿಗರೇಟು, ಸಾಕುಪ್ರಾಣಿ ಇಲ್ಲ. ಆಫೀಸು ನಿಮ್ಮ ಮನೆಯಿಂದ ನಾಲ್ಕು ಸ್ಟಾಪ್ ದೂರ. ಬಾಲ್ಕನಿಯ ಎದುರಿನ ಮರ ನಮಗೆ ತುಂಬಾ ಹಿಡಿಸಿತು. ಕಾಗದಗಳೆಲ್ಲ ಸಿದ್ಧ ಇವೆ, ಈ ವಾರ ಯಾವಾಗ ಬೇಕಾದರೂ ಬರುತ್ತೇವೆ.’

ಮರದ ಸಾಲು ಸುಮ್ನೆ ಬರೆದದ್ದಲ್ಲ. ಜಾಹೀರಾತು ನಿಜವಾಗಿ ನೋಡಿದ್ದೀರಿ ಅಂತ ಅದರಿಂದ ಗೊತ್ತಾಗುತ್ತದೆ. ಪ್ರತಿ ಮನೆಗೂ ಅಂಥ ಒಂದು ಸಾಲನ್ನಾದರೂ ಬದಲಿಸಿ.

ನೋಡಲು ಕರೆದ ದಿನ ಐದು ನಿಮಿಷ ಮೊದಲೇ ಹೋಗಿ. ಶೂ ಬಿಚ್ಚಲಾ ಅಂತ ಕೇಳಿ. ಕಿಟಕಿಯ ಮೂಲೆ, ಬಚ್ಚಲ ಮಾಡು, ಕಪಾಟಿನ ಹಿಂದೆ ಕಪ್ಪು ಬೂಷ್ಟು ಇದೆಯಾ ನೋಡಿ. ವಾಷಿಂಗ್ ಮೆಷಿನ್ ಎಲ್ಲಿಡೋದು ಕೇಳಿ, ಎಷ್ಟೋ ಕಟ್ಟಡಗಳಲ್ಲಿ ಅದು ನೆಲಮಾಳಿಗೆಯಲ್ಲಿರುತ್ತದೆ. ಅಡುಗೆ ವಾಸನೆಯ ಪ್ರಶ್ನೆ ನಮ್ಮವರಿಗೆ ಬಂದೇ ಬರುತ್ತದೆ. ಮುಜುಗರ ಬೇಡ. ‘ದಿನಾ ಅಡುಗೆ ಮಾಡುತ್ತೇವೆ, ಒಗ್ಗರಣೆ ಹಾಕುವಾಗ ಚಿಮಣಿ ಹಾಕಿ ಕಿಟಕಿ ತೆರೆಯುತ್ತೇವೆ’ ಅಂತ ನೇರವಾಗಿ ಹೇಳಿ. ಕಿಟಕಿ ತೆರೆಯುವ ಮಾತು ಬಂದರೆ ಜರ್ಮನ್ ಓನರ್ ಮುಖ ಅರಳುತ್ತದೆ. ದಿನಕ್ಕೆ ಎರಡು ಮೂರು ಸಲ ಐದು ನಿಮಿಷ ಕಿಟಕಿ ಪೂರ್ತಿ ತೆರೆದು ಗಾಳಿಯಾಡಿಸುವುದು ಇಲ್ಲಿ ಹಲ್ಲುಜ್ಜಿದಷ್ಟೇ ಸಹಜ. ಹಾಗೆ ಮಾಡಿದರೆ ಗೋಡೆಗೆ ಬೂಷ್ಟು ಹಿಡಿಯಲ್ಲ.

ದುಡ್ಡು ಮೊದಲು ಅಂದರೆ ಮೋಸ

ಊರ ನಡುವೆ, ಮರದ ನೆಲದ, ಎರಡು ರೂಮಿನ ಮನೆ, ಬಾಡಿಗೆ 700 ಯೂರೋ. ನನಗೂ ಬಂದಿತ್ತು. ಓನರ್ ಅನ್ನಿಸಿಕೊಂಡವರು ಬೇರೆ ದೇಶದಲ್ಲಿದ್ದರಂತೆ. ಅಡ್ವಾನ್ಸ್ ಕಳಿಸಿದರೆ ಕೀಲಿಕೈ ಕೊರಿಯರ್‌ನಲ್ಲಿ ಬರುತ್ತದೆ, ಇಷ್ಟ ಆಗದಿದ್ದರೆ ದುಡ್ಡು ವಾಪಸ್ ಅಂದರು. ಪಾಸ್‌ಪೋರ್ಟ್ ಪ್ರತಿಯನ್ನೂ ಕಳಿಸಿದರು, ನಂಬಿಕೆ ಬರಲಿ ಅಂತ. ಅದು ಯಾರದ್ದೋ ಕದ್ದ ಪಾಸ್‌ಪೋರ್ಟ್ ಆಗಿರುತ್ತದೆ. ನಾಳೆ ನಿಮ್ಮದೂ ಹಾಗೇ ಯಾರಿಗೋ ಹೋಗಬಹುದು. ಮನೆಯೊಳಗೆ ಕಾಲಿಟ್ಟು ನೋಡುವವರೆಗೆ, ಸಹಿ ಹಾಕುವವರೆಗೆ ಒಂದು ಯೂರೋ ಕೂಡ ಕಳಿಸಬೇಡಿ.

ಅಗ್ರಿಮೆಂಟು, ಅಡ್ವಾನ್ಸು, ಕೀಲಿಕೈ

ಅಡ್ವಾನ್ಸ್ ವಿಷಯದಲ್ಲಿ ಇಲ್ಲಿ ನೆಮ್ಮದಿ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗಂತೂ ಹಬ್ಬ. ಕಾನೂನಿನ ಪ್ರಕಾರ ಮೂರು ತಿಂಗಳ ತಣ್ಣನೆ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ. ಅದನ್ನೂ ಮೂರು ಸಮ ಕಂತುಗಳಲ್ಲಿ ಕಟ್ಟುವ ಹಕ್ಕು ನಿಮಗಿದೆ.

ಅಗ್ರಿಮೆಂಟಿನಲ್ಲಿ ಮನೆ ಬಿಡುವ ಷರತ್ತು ಮೊದಲು ಓದಿ. ಸಾಮಾನ್ಯವಾಗಿ ಮೂರು ತಿಂಗಳ ನೋಟಿಸು. ತಿಂಗಳ ಮೂರನೇ ಕೆಲಸದ ದಿನದೊಳಗೆ, ಕಾಗದದಲ್ಲಿ, ಸಹಿ ಹಾಕಿ ಕೊಟ್ಟರೆ ಮಾತ್ರ ಆ ತಿಂಗಳು ಲೆಕ್ಕಕ್ಕೆ ಬರುತ್ತದೆ. ಇಮೇಲ್, ವಾಟ್ಸಾಪ್ ನಡೆಯಲ್ಲ. ಕೆಲವು ಅಗ್ರಿಮೆಂಟಿನಲ್ಲಿ ಒಂದೆರಡು ವರ್ಷ ಬಿಡುವಂತಿಲ್ಲ ಅಂತ ಇರುತ್ತದೆ. ಕೆಲಸ ಬದಲಿಸುವ ಯೋಚನೆ ಇದ್ದವರು ಅಂಥದ್ದಕ್ಕೆ ಸಹಿ ಹಾಕಬೇಡಿ. ಅರ್ಥವಾಗದ್ದು ಇದ್ದರೆ ಬಾಡಿಗೆದಾರರ ಸಂಘ ‘ಮೀಟರ್‌ಫೆರೈನ್’ಗೆ ಸೇರಿ. ವರ್ಷದ ಚಂದಾ ಕಟ್ಟಿದರೆ ಅಲ್ಲಿನ ವಕೀಲರು ಸಲಹೆ ಕೊಡುತ್ತಾರೆ.

ಕೀಲಿಕೈ ತಗೊಳ್ಳುವ ದಿನ ಮನೆಯ ಸ್ಥಿತಿ ಬರೆಯುವ ಒಂದು ಕಾಗದ ತಯಾರಾಗುತ್ತದೆ. ಅವಸರ ಮಾಡಬೇಡಿ. ನೆಲದ ಗೀರು, ಟೈಲ್ಸ್‌ನ ಬಿರುಕು, ಗೋಡೆಯ ಮೊಳೆ ತೂತು ಎಲ್ಲ ಬರೆಸಿ, ಫೋಟೋ ತೆಗೆಯಿರಿ. ಬಿಡುವಾಗ ಅಡ್ವಾನ್ಸ್ ಪೂರ್ತಿ ಬರುವುದು ಈ ಕಾಗದದ ಮೇಲೆ ನಿಂತಿದೆ. ಕರೆಂಟ್ ಮೀಟರ್‌ನ ಫೋಟೋ ಕೂಡ ಬೇಕು. ಕರೆಂಟ್ ಕಂಪನಿಯನ್ನು ನೀವೇ ಆರಿಸಬೇಕು. ಸುಮ್ಮನಿದ್ದರೆ ಕರೆಂಟು ಹೋಗುವುದಿಲ್ಲ, ಆದರೆ ಊರಿನ ಮೂಲ ಕಂಪನಿಯ ದುಬಾರಿ ದರ ತಾನಾಗಿ ಶುರುವಾಗುತ್ತದೆ.

ಕೊನೆಗೊಂದು ಚಿಕ್ಕ ಕೆಲಸ. ಅವತ್ತೇ ಕಾಲಿಂಗ್ ಬೆಲ್ ಮೇಲೂ ಅಂಚೆ ಡಬ್ಬಿ ಮೇಲೂ ನಿಮ್ಮ ಹೆಸರು ಅಂಟಿಸಿ. ಇಲ್ಲಿ ಹೆಚ್ಚಿನ ಕಟ್ಟಡಗಳಲ್ಲಿ ಮನೆ ನಂಬರೇ ಇರುವುದಿಲ್ಲ, ಅಂಚೆಯವರು ಹೆಸರು ನೋಡಿಯೇ ಕಾಗದ ಹಾಕುವುದು. ನನ್ನ ಬ್ಯಾಂಕ್ ಕಾರ್ಡು ಎರಡು ಸಲ ವಾಪಸ್ ಹೋದದ್ದು ಇದೇ ಕಾರಣಕ್ಕೆ. ಡಬ್ಬಿಯ ಮೇಲೆ ಹಿಂದಿನವರ ಹೆಸರೇ ಇತ್ತು, ನಾನು ನೋಡಿಯೇ ಇರಲಿಲ್ಲ.

ಆನ್‌ಮೆಲ್ಡುಂಗ್

ಮನೆಗೆ ಬಂದು ಎರಡು ವಾರದೊಳಗೆ ಪಾಲಿಕೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಮ್ಯೂನಿಕ್‌ನಲ್ಲಿ ಅದಕ್ಕೆ ‘ಬ್ಯುರ್ಗರ್‌ಬ್ಯುರೋ’. ಅಪಾಯಿಂಟ್‌ಮೆಂಟ್ ಬೇಗ ಸಿಗಲ್ಲ, ಬೆಳಗ್ಗೆ ಬೆಳಗ್ಗೆಯೇ ಆನ್‌ಲೈನಿನಲ್ಲಿ ನೋಡುತ್ತಿರಿ. ಪಾಸ್‌ಪೋರ್ಟ್ ಜೊತೆ ಓನರ್ ಸಹಿ ಹಾಕಿದ ‘ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್’ ಬೇಕು. ಇವರು ನನ್ನ ಮನೆಯಲ್ಲಿ ವಾಸಕ್ಕೆ ಬಂದಿದ್ದಾರೆ ಅನ್ನುವ ಒಂದು ಪುಟದ ಚೀಟಿ, ಹೆಸರು ಮಾತ್ರ ಉದ್ದ. ಬಾಡಿಗೆ ಅಗ್ರಿಮೆಂಟ್ ತೋರಿಸಿದರೆ ಸಾಲದು.

ಇದಾದ ಮೇಲೆ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ. ಅದಿಲ್ಲದಿದ್ದರೆ ಕಂಪನಿ ಅತಿ ಜಾಸ್ತಿ ತೆರಿಗೆ ಹಿಡಿಯಬಹುದು. ವಾಸದ ಪರವಾನಗಿಗೂ ಈ ನೋಂದಣಿ ಬೇಕು. ಅದಕ್ಕೇ ತಾತ್ಕಾಲಿಕ ಮನೆಗೂ ಆನ್‌ಮೆಲ್ಡುಂಗ್ ಕೇಳಿ ಅಂದದ್ದು. ಜೊತೆಗೆ ರೇಡಿಯೋ ಟೀವಿ ಶುಲ್ಕದ ಪತ್ರವೂ ಬರುತ್ತದೆ, ತಿಂಗಳಿಗೆ 18.36 ಯೂರೋ. ಟೀವಿ ಇಲ್ಲದಿದ್ದರೂ ಕಟ್ಟಬೇಕು, ಆದರೆ ಮನೆಗೆ ಒಂದೇ. ವೇಗೇಯಲ್ಲಿದ್ದರೆ ಮೊದಲೇ ಯಾರಾದರೂ ಕಟ್ಟುತ್ತಿದ್ದಾರಾ ಕೇಳಿ.

ಟಿಕೆಟ್

ಹೆಚ್ಚಿನವರಿಗೆ ಡಾಯ್ಚ್‌ಲಾಂಡ್‌ಟಿಕೆಟ್ ಸಾಕು. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯಿತು, 2025ರಲ್ಲಿ 58 ಆಯಿತು, 2026ರ ಜನವರಿಯಿಂದ 63. ಒಂದು ತಿಂಗಳು ಇಡೀ ಜರ್ಮನಿಯ ಬಸ್ಸು, ಟ್ರಾಮ್, ಉ-ಬಾನ್, ಎಸ್-ಬಾನ್, ಪ್ರಾದೇಶಿಕ ರೈಲು ಹತ್ತಬಹುದು. ಭಾನುವಾರ ಫ್ಯುಸೆನ್‌ಗೆ ಹೋಗಿ ನೊಯ್‌ಶ್ವಾನ್‌ಸ್ಟೈನ್ ಅರಮನೆ ನೋಡಿ ಬರಲು ಬೇರೆ ರೈಲು ಟಿಕೆಟ್ ಬೇಡ. ಗಡಿಯಾಚೆ ಆಸ್ಟ್ರಿಯಾದ ಜಾಲ್ಟ್ಸ್‌ಬುರ್ಗ್ ಸ್ಟೇಷನ್‌ವರೆಗೂ ನಡೆಯುತ್ತದೆ. ಆದರೆ ಐಸಿಇ, ಐಸಿ, ಇಸಿ ಎಂಬ ವೇಗದ ರೈಲುಗಳಲ್ಲಿ ನಡೆಯಲ್ಲ. ಸ್ಟೇಷನ್ ಒಂದೇ ಆದ್ದರಿಂದ, ಬಿಳಿ ರೈಲು ಕಂಡ ಕೂಡಲೇ ಹತ್ತಬೇಡಿ, ಬೋರ್ಡ್ ಓದಿ.

ಇದು ತಾನಾಗಿ ಮುಂದುವರಿಯುವ ಚಂದಾ. ಬೇಡವಾದರೆ ಆ ತಿಂಗಳ 10ನೇ ತಾರೀಕಿನೊಳಗೆ ರದ್ದು ಮಾಡಿ. ಕೊಳ್ಳುವ ಮೊದಲು ಕಂಪನಿಯಲ್ಲಿ ‘ಜಾಬ್‌ಟಿಕೆಟ್’ ಇದೆಯಾ ಕೇಳಿ. ಕಂಪನಿ ಕಾಲು ಭಾಗ ಭರಿಸಿದರೆ ಇನ್ನೂ 5% ರಿಯಾಯಿತಿ ಸಿಗುತ್ತದೆ. ಟಿಕೆಟ್ ನಿಮ್ಮ ಹೆಸರಿನದ್ದು, ಹೆಂಡತಿಗೋ ಗೆಳೆಯನಿಗೋ ಕೊಡುವಂತಿಲ್ಲ. ಊರಿಂದ ನೆಂಟರು ಬಂದರೆ ಐದು ಜನರವರೆಗೆ ನಡೆಯುವ ಗುಂಪಿನ ದಿನದ ಟಿಕೆಟ್ ಅಗ್ಗ.

ಹತ್ತುವಾಗ, ಇಳಿಯುವಾಗ

ನಮ್ಮ ಮೆಟ್ರೋದ ಹಾಗೆ ಇಲ್ಲಿ ಗೇಟು ಇಲ್ಲ, ಬಸ್ಸಲ್ಲಿ ಕಂಡಕ್ಟರೂ ಇಲ್ಲ. ಯಾರೂ ಕೇಳಲ್ಲ ಅನ್ನಿಸುತ್ತದೆ. ಒಂದು ದಿನ ಮಾಮೂಲಿ ಬಟ್ಟೆಯಲ್ಲಿ ಪಕ್ಕದಲ್ಲೇ ನಿಂತವರು ಗುರುತಿನ ಚೀಟಿ ತೆಗೆದು ಟಿಕೆಟ್ ಕೇಳುತ್ತಾರೆ. ಇಲ್ಲದಿದ್ದರೆ ದಂಡ 60 ಯೂರೋ. ಮೆಷಿನ್ನಿನಿಂದ ಕಾಗದದ ಟಿಕೆಟ್ ಕೊಂಡರೆ ಅದಕ್ಕೆ ಮುದ್ರೆ ಹೊಡೆಸಬೇಕಾ ನೋಡಿ. ಮೆಟ್ಟಿಲಿಳಿಯುವ ಮೊದಲು ಸಣ್ಣ ನೀಲಿ ಪೆಟ್ಟಿಗೆ ಇರುತ್ತದೆ. ಮುದ್ರೆ ಇಲ್ಲದ ಟಿಕೆಟ್ ಕೈಯಲ್ಲಿದ್ದರೂ ಟಿಕೆಟ್ ಇಲ್ಲದಂತೆಯೇ.

ಎಷ್ಟೋ ರೈಲುಗಳ ಬಾಗಿಲು ತಾನಾಗಿ ತೆರೆಯಲ್ಲ, ಗುಂಡಿ ಒತ್ತಬೇಕು. ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲಿ, ಎಡಗಡೆ ಓಡುವವರಿಗೆ ಬಿಡಿ.

ಇನ್ನು ವಿಮಾನ ನಿಲ್ದಾಣದ ರೈಲು. ಎಸ್8 ನೇರವಾಗಿ ಹೋಗುತ್ತದೆ. ಎಸ್1 ನೊಯ್‌ಫಾರ್ನ್ ಎಂಬಲ್ಲಿ ಎರಡು ತುಂಡಾಗುತ್ತದೆ, ಒಂದು ತುಂಡು ವಿಮಾನ ನಿಲ್ದಾಣಕ್ಕೆ, ಇನ್ನೊಂದು ಫ್ರೈಸಿಂಗ್ ಊರಿಗೆ. ಅಪ್ಪ ಅಮ್ಮ ಮೊದಲ ಸಲ ಬಂದ ದಿನ ನಾನು ಕಿವಿಗೆ ಹಾಡು ಹಾಕಿಕೊಂಡು ತಪ್ಪು ಡಬ್ಬಿಯಲ್ಲಿ ಕೂತಿದ್ದೆ. ಫ್ರೈಸಿಂಗ್‌ನಲ್ಲಿ ಇಳಿದು 635 ನಂಬರಿನ ಬಸ್ಸು ಹಿಡಿದು ತಲುಪುವಷ್ಟರಲ್ಲಿ ಅವರಿಬ್ಬರೂ ಟ್ರಾಲಿ ಪಕ್ಕ ಕೂತು ಚಕ್ಕುಲಿ ಡಬ್ಬ ಬಿಚ್ಚಿದ್ದರು. ಹತ್ತುವ ಮೊದಲು ಡಬ್ಬಿಯ ಮೇಲಿನ ಬೋರ್ಡ್ ನೋಡಿ. ‘ಫ್ಲುಗ್‌ಹಾಫೆನ್’ ಅಂತ ಇದ್ದರೆ ಮಾತ್ರ ಹತ್ತಿ.